ಖಮುದನ್ ಬಂದೂಕು ಹಿಡಿದಿರಲಿಲ್ಲ

ಹಬೀಬುನ್ನೀಸಾ ಇಪ್ಪತ್ತಾರು ವರ್ಷ ಸರ್ಕಾರಿ ಶಾಲೆಯೊಂದರಲ್ಲಿ ಅಮೆರಿಕದ ಮಕ್ಕಳಿಗೆ ಫ್ರೆಂಚ್ ಕಲಿಸಿ ನಿವೃತ್ತರಾಗಿದ್ದರು. ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ಗಂಡ ಸಲೀಂ ವಿಮಾನದ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿ ಸೇರಿದಾಗ ಜೊತೆಗೆ ಬಂದು, ಈಗ ಮೂವತ್ತೈದು ವರ್ಷಗಳಿಂದ ಕರ್ಕ್‌ಲ್ಯಾಂಡ್ ಎಂಬ ಅಮೆರಿಕದ ಊರಿನ ಒಂದೇ ಮನೆಯಲ್ಲಿದ್ದಾರೆ. ಬಿಡಿಸಿ ಹೇಳುವ ಚಟ ಅವರಿಗೆ. ಯಾರಾದರೂ ಒಂದು ಪದವನ್ನು ತಪ್ಪು ಅರ್ಥದಲ್ಲಿ ಬಳಸಿದರೆ ಊಟ ನಿಲ್ಲಿಸಿ ತಿದ್ದುತ್ತಾರೆ ಎಂದು ಸಲೀಂ ದೂರುವುದುಂಟು.

ಜೂನ್ ತಿಂಗಳ ಒಂದು ಬುಧವಾರ ಅಖಿಲ್ ಫೋನ್ ಮಾಡಿದ. ಅಖಿಲ್ ಬಸವನಗುಡಿಯವನು, ಪಕ್ಕದ ಊರಾದ ಬೆಲ್ವ್ಯೂದಲ್ಲಿ ದೊಡ್ಡ ಕೆಲಸ. ಬಿಡುವಿನಲ್ಲಿ 'ಲೇಕ್‌ಬ್ರಿಡ್ಜ್ ಮ್ಯೂಸಿಕ್ ಸರ್ಕಲ್' ಎಂಬ ಸಂಸ್ಥೆ ನಡೆಸುತ್ತಿದ್ದ. ಬೇರೆ ಬೇರೆ ದೇಶದ ಸಂಗೀತಗಾರರನ್ನು ಕರೆಸಿ ಕಾರ್ಯಕ್ರಮ ಮಾಡಿಸುವುದು ಅದರ ಕೆಲಸ.

"ಆಂಟಿ, ಒಂದು ಹೆಲ್ಪ್ ಬೇಕಿತ್ತು. ಮಾಲಿ ದೇಶದಿಂದ ಒಬ್ರು ಗಿಟಾರಿಸ್ಟ್ ಬರ್ತಿದಾರೆ. ಡೆಸರ್ಟ್ ಬ್ಲೂಸ್ ಅಂತಾರಲ್ಲ, ಸಹಾರಾ ಕಡೆಯ ಮ್ಯೂಸಿಕ್ಕು. ಈ ಫೀಲ್ಡ್‌ನಲ್ಲಿ ತುಂಬಾ ಸೀನಿಯರ್. ಇಂಗ್ಲಿಷ್ ಬರಲ್ಲ, ಫ್ರೆಂಚ್ ಬರತ್ತೆ. ಕಾನ್ಸರ್ಟ್ ಮಧ್ಯೆ ಹತ್ತು ನಿಮಿಷ ಆಡಿಯನ್ಸ್ ಜೊತೆ ಮಾತಾಡಿಸ್ಬೇಕು. ನೀವು ಇಂಟರ್‌ಪ್ರೆಟ್ ಮಾಡ್ತೀರಾ?"

ಹಬೀಬುನ್ನೀಸಾ ಒಪ್ಪಿಕೊಂಡರು. ಖುಷಿಯೂ ಆಗಿತ್ತು. ನಿವೃತ್ತಿಯಾದ ಮೇಲೆ ಅವರ ಫ್ರೆಂಚ್ ಗ್ರಂಥಾಲಯದ ಪುಸ್ತಕಗಳಲ್ಲಿ ಮಾತ್ರ ಉಳಿದಿತ್ತು.

ಶನಿವಾರ ಮಧ್ಯಾಹ್ನ ಎರಡಕ್ಕೆ ಸಲೀಂ ಅವರನ್ನು ಸರೋವರದ ಪಕ್ಕದ ಸಭಾಂಗಣಕ್ಕೆ ಕರೆತಂದು ಬಿಟ್ಟು, ಐದು ಗಂಟೆಗೆ ಬರುತ್ತೇನೆಂದು ಹೋದರು. ಒಳಗೆ ವೇದಿಕೆಯ ಮೇಲೆ ಒಬ್ಬ ಉದ್ದನೆಯ ಮುದುಕ, ಬೂದುಬಣ್ಣದ ಸ್ವೆಟರ್ ತೊಟ್ಟವನು, ಒಂದು ಕುರ್ಚಿಯನ್ನು ತೋರಿಸಿ ಏನೋ ಹೇಳುತ್ತಿದ್ದ. ಎದುರಿಗಿದ್ದ ಸೌಂಡ್ ಎಂಜಿನಿಯರ್ ತಲೆಯಾಡಿಸಿ ನೀರಿನ ಬಾಟಲಿ ತಂದುಕೊಟ್ಟ. ಮುದುಕ ಬಾಟಲಿಯನ್ನು ಕೆಳಗಿಟ್ಟು ಮತ್ತೆ ಕುರ್ಚಿ ತೋರಿಸಿದ.

"ಅವರಿಗೆ ಕೈಯಿಲ್ಲದ ಕುರ್ಚಿ ಬೇಕಂತೆ. ಈ ಕುರ್ಚಿಯ ಕೈ ಗಿಟಾರಿಗೆ ಬಡಿಯುತ್ತೆ," ಎಂದು ಹಬೀಬುನ್ನೀಸಾ ಇಂಗ್ಲಿಷಿನಲ್ಲಿ ಹೇಳಿದರು.

ಮುದುಕ ತಿರುಗಿ ನೋಡಿದ. ಹೆಸರು ಖಮುದನ್ ಅಗ್ ಇಲ್ಯಾಸ್, ವಯಸ್ಸು ಎಪ್ಪತ್ತೆರಡು. ಹಬೀಬುನ್ನೀಸಾ ಫ್ರೆಂಚಿನಲ್ಲಿ ತಮ್ಮ ಪರಿಚಯ ಹೇಳಿಕೊಂಡದ್ದನ್ನು ಅವರು ಪೂರ್ತಿ ಕೇಳಿಸಿಕೊಂಡು ನಕ್ಕರು.

"ಮದಾಮ್, ನೀವು ರೇಡಿಯೋದ ಹಾಗೆ ಮಾತಾಡ್ತೀರಿ. ನನ್ನದು ಲಾರಿ ಶೆಡ್ಡಿನ ಫ್ರೆಂಚ್. ಸ್ವಲ್ಪ ಸಹಿಸಿಕೊಳ್ಳಿ."

ಅದು ನಿಜವಾಗಿಯೂ ಲಾರಿ ಶೆಡ್ಡಿನ ಫ್ರೆಂಚೇ ಆಗಿತ್ತು. ಅಲ್ಜೀರಿಯಾದ ತಮನ್‌ರಾಸೆಟ್ ಎಂಬ ಊರಿನಲ್ಲಿ ಅವರು ಇಪ್ಪತ್ತೆರಡು ವರ್ಷ ಲಾರಿ ಮೆಕ್ಯಾನಿಕ್ ಆಗಿದ್ದರು. ಮರುಭೂಮಿ ದಾಟುವ ಲಾರಿಗಳ ಗೇರ್‌ಬಾಕ್ಸ್ ಬಿಚ್ಚಿ ಕೂಡಿಸುವುದರಲ್ಲಿ ಅವರದು ಎತ್ತಿದ ಕೈ. ಒಬ್ಬ ಡ್ರೈವರ್ ಗೇರ್‌ಬಾಕ್ಸ್ ರಿಪೇರಿಗೆ ಬದಲಾಗಿ ಒಂದು ಗಿಟಾರ್ ಬಿಟ್ಟುಹೋಗಿದ್ದನಂತೆ. ಅದರ ಒಂದು ತಂತಿ ಕಿತ್ತುಹೋಗಿತ್ತು. ಎರಡು ವರ್ಷ ಐದೇ ತಂತಿಯಲ್ಲಿ ನುಡಿಸಿದೆ, ಈಗಲೂ ಬೆರಳು ಆರನೆಯದನ್ನು ಅಷ್ಟಾಗಿ ನಂಬುವುದಿಲ್ಲ ಎಂದರು. ಸಂಜೆಯ ಮೊದಲ ಹಾಡು ಒಂದು ಲಾರಿಯ ಮೇಲೇ ಇತ್ತು. ಮರಳಿನಲ್ಲಿ ಕೆಟ್ಟು ನಿಂತ ಲಾರಿಗೆ ಡ್ರೈವರ್ ಹೆಂಡತಿಯನ್ನು ಓಲೈಸಿದ ಹಾಗೆ ಓಲೈಸುವ ಹಾಡು. "ನಮ್ಮೂರಲ್ಲಿ ಇದಕ್ಕೆ ಜನ ಬಿದ್ದು ಬಿದ್ದು ನಗ್ತಾರೆ," ಎಂದರು. ಜೊತೆಗೆ ಬಂದಿದ್ದ ಇಬ್ಬರು, ಇನ್ನೊಂದು ಗಿಟಾರಿನವನೂ ಸೋರೆಬುರುಡೆ ಬಾರಿಸುವವನೂ, ಹಿಂದೆ ಕೂತು ಹಣ್ಣು ತಿನ್ನುತ್ತಿದ್ದರು.

ಸೌಂಡ್ ಚೆಕ್ ಮುಗಿದ ಮೇಲೆ ಇಬ್ಬರೂ ಕಾರಿಡಾರಿಗೆ ಬಂದರು. ಗೋಡೆಯ ಮೇಲೆ ಆಳೆತ್ತರದ ಪೋಸ್ಟರ್ ಇತ್ತು. ನೀಲಿ ಬಟ್ಟೆಯನ್ನು ತಲೆಗೂ ಮುಖಕ್ಕೂ ಸುತ್ತಿಕೊಂಡ ಖಮುದನ್, ಕಣ್ಣು ಮಾತ್ರ ಕಾಣುವ ಹಾಗೆ. ಕೆಳಗೆ ದಪ್ಪ ಅಕ್ಷರ.

"ಏನು ಬರೆದಿದ್ದಾರೆ?" ಎಂದು ಖಮುದನ್ ಕೇಳಿದರು.

ಹಬೀಬುನ್ನೀಸಾ ಮನಸ್ಸಿನಲ್ಲೇ ಓದಿಕೊಂಡರು. ಓದಿದ್ದನ್ನು ಹಾಗೇ ಹೇಳಿದರು. "'ಬಂದೂಕಿನಿಂದ ಗಿಟಾರಿಗೆ. ಮರುಭೂಮಿಯ ಮಾಜಿ ಬಂಡುಕೋರನ ಹಾಡುಗಳು.'"

"ಯಾರು ಬಂಡುಕೋರ?"

"ನಿಮ್ಮನ್ನೇ ಹೇಳಿರೋದು."

ಖಮುದನ್ ಪೋಸ್ಟರಿನ ಹತ್ತಿರ ಹೋಗಿ, ಓದಲು ಬಾರದ ಆ ಅಕ್ಷರಗಳ ಮೇಲೆ ಬೆರಳಿಟ್ಟು ನಿಂತರು. ತಗ್ಗಿದ ದನಿಯಲ್ಲಿ ಮಾತಾಡಿದರು.

"ನಾನು ಸ್ಪ್ಯಾನರ್ ಹಿಡಿದಿದ್ದೇನೆ, ಗಿಟಾರ್ ಹಿಡಿದಿದ್ದೇನೆ. ಬಂದೂಕು ಹಿಡಿದವನು ನನ್ನ ತಮ್ಮ. ತೊಂಬತ್ತೊಂದರ ದಂಗೆಗೆ ಹೋದ, ಬರಲಿಲ್ಲ. ಅವನನ್ನು ನಾನು ಬೈಯುವುದಿಲ್ಲ, ಅವನ ಕಾರಣ ಅವನಿಗೆ ಗೊತ್ತಿತ್ತು. ಆದರೆ ಸತ್ತವನ ಬಂದೂಕು ತಂದು ನನ್ನ ಕೈಗೆ ಕೊಡೋಕೆ ಇವರು ಯಾರು?"

ಆಮೇಲೆ ಇನ್ನೊಂದು ಮಾತು ಹೇಳಿದರು. ವೀಸಾಕ್ಕಾಗಿ ದೂತಾವಾಸಕ್ಕೆ ಹೋದಾಗ ಕಿಟಕಿಯ ಹಿಂದಿನ ಅಧಿಕಾರಿ ಕೇಳಿದ ಪ್ರಶ್ನೆಗಳಲ್ಲಿ ಇದೂ ಇತ್ತಂತೆ: ಯಾವುದಾದರೂ ಸಶಸ್ತ್ರ ಗುಂಪಿನಲ್ಲಿ ಇದ್ದಿರಾ? ಎರಡು ಸಲ ಕೇಳಿದನಂತೆ. "ಇಲ್ಲ ಎಂದು ಪ್ರಮಾಣ ಮಾಡಿ ಬೆರಳಚ್ಚು ಕೊಟ್ಟು ಬಂದಿದ್ದೇನೆ. ಈಗ ಈ ದೇಶದ ಗೋಡೆಯ ಮೇಲೆಯೇ ಹೌದು ಎಂದು ಬರೆದಿದೆ. ಮುಂದಿನ ವರ್ಷ ಆ ಕಿಟಕಿಯ ಹಿಂದಿನವನು ಇದನ್ನು ನೋಡಿದರೆ ಸುಳ್ಳು ಹೇಳಿದವನು ಯಾರಾಗುತ್ತಾನೆ? ಇದು ನಿಜವಲ್ಲ ಅಂತ ವೇದಿಕೆಯ ಮೇಲೆ ಹೇಳ್ತೀನಿ, ನೀವು ಜನಕ್ಕೆ ತಿಳಿಸಿಕೊಡಿ."

ಈ ಪ್ರಶ್ನೆಯ ಭಾರ ಹಬೀಬುನ್ನೀಸಾಗೆ ಹೊಸದಲ್ಲ. ಎರಡು ಸಾವಿರದ ಎರಡರಲ್ಲಿ, ಅನುಮಾನಿತರ ಪಟ್ಟಿಯಲ್ಲಿದ್ದ ಬೇರೆ ಯಾರೋ ಸಲೀಂನ ಹೆಸರು ಗಂಡನ ಹೆಸರಿಗೆ ಹೊಂದಿತೆಂಬ ಕಾರಣಕ್ಕೆ ವಿಮಾನ ನಿಲ್ದಾಣದಲ್ಲಿ ಅವರನ್ನು ಆರು ಗಂಟೆ ಕೂರಿಸಿದ್ದರು. ವಿಮಾನದ ರೆಕ್ಕೆಯ ಲೆಕ್ಕ ಹಾಕುತ್ತಿದ್ದ ಮನುಷ್ಯ ಅಂದಿನಿಂದ ಒಂದು ಫೈಲು ತುಂಬ ಕಾಗದ ಇಟ್ಟುಕೊಂಡೇ ವಿಮಾನ ಹತ್ತುತ್ತಾರೆ.

ಅಖಿಲ್ ಕಲಾವಿದರ ಕೋಣೆಯ ಬಾಗಿಲಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ.

"ಅಖಿಲ್, ಆ ಪೋಸ್ಟರ್‌ನಲ್ಲಿ ಇರೋದನ್ನ ಯಾರು ಬರೆದಿದ್ದು?"

"ನಾನೇ ಆಂಟಿ. ಚೆನ್ನಾಗಿದೆ ಅಲ್ವಾ? ಟಿಕೆಟ್ ಎಲ್ಲಾ ಅದ್ರಿಂದಾನೇ ಹೋಗಿದ್ದು."

"ಅವರು ಯಾವತ್ತೂ ಬಂದೂಕು ಮುಟ್ಟಿಲ್ಲ. ಅವರು ಲಾರಿ ಮೆಕ್ಯಾನಿಕ್."

ಅಖಿಲ್‌ಗೆ ಮುಜುಗರವಾಯಿತು, ಆದರೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಆ ಕಡೆಯ ಮ್ಯುಸಿಷಿಯನ್ಸ್‌ನಲ್ಲಿ ತುಂಬಾ ಜನರ ಸ್ಟೋರಿ ಹಾಗೇ ಇರತ್ತೆ ಆಂಟಿ. ಇವ್ರ ಬ್ರದರ್ ಒಬ್ರು ಇದ್ರು ಅಂತ ಎಲ್ಲೋ ಓದಿದ್ದೆ. ಒಂದು ನೆರೇಟಿವ್ ಬೇಕಾಗತ್ತೆ. ಲಾರಿ ಮೆಕ್ಯಾನಿಕ್ ಅಂದ್ರೆ ಯಾರು ಬರ್ತಾರೆ?"

"ಅವರ ಹತ್ರ ಕೇಳಿದ್ಯಾ?"

"ಅವ್ರ ಭಾಷೆ ನಂಗೆ ಬರಲ್ವಲ್ಲ."

"ನಂಗೆ ಬರತ್ತೆ. ಬುಧವಾರ ನಂಗೆ ಫೋನ್ ಮಾಡಿದ್ದೆ. ಅವತ್ತೇ ಒಂದು ಪ್ರಶ್ನೆ ಕೇಳ್ಸಬಹುದಿತ್ತು."

ಅಖಿಲ್ ಲ್ಯಾಪ್‌ಟಾಪ್ ಮುಚ್ಚಿದ. "ಈಗ ಏನ್ಮಾಡಕ್ಕಾಗತ್ತೆ ಹೇಳಿ. ವೆಬ್‌ಸೈಟ್‌ನಲ್ಲಿದೆ, ಸ್ಕ್ರೀನ್ ಮೇಲೆ ಸ್ಲೈಡ್ಸ್ ಇದೆ, ಸ್ಪಾನ್ಸರ್ಸ್ ಬಂದಿದಾರೆ. ಇವತ್ತು ಹೀಗೇ ನಡೀಲಿ. ಅವ್ರಿಗೆ ನೀವೇ ಸ್ವಲ್ಪ ಸಮಾಧಾನ ಹೇಳಿ, ಪ್ಲೀಸ್."

"ಅವರಿಗೆ ಸಮಾಧಾನ ಬೇಕಿಲ್ಲ. ಸ್ಟೇಜ್ ಮೇಲೆ ಒಂದು ಮಾತು ಹೇಳ್ಬೇಕು ಅಂತಿದಾರೆ. ನಾನು ಇಂಗ್ಲಿಷ್‌ನಲ್ಲಿ ಹೇಳ್ತೀನಿ, ಅಷ್ಟೇ."

ಅಖಿಲ್ ಸ್ವಲ್ಪ ಯೋಚಿಸಿ, "ಹಾಗಾದ್ರೆ ಆ ಟಾಕ್ ಪೋರ್ಷನ್ನೇ ಬೇಡ ಬಿಡಿ ಆಂಟಿ. ಬರೀ ಮ್ಯೂಸಿಕ್ ಇರ್ಲಿ. ನೀವು ಆರಾಮಾಗಿ ಕೂತ್ಕೊಂಡು ನೋಡಿ," ಎಂದ. ಅವರ ಕೊರಳಿಗೆ ಹಾಕಿದ್ದ 'ಇಂಟರ್‌ಪ್ರೆಟರ್' ಎಂಬ ಚೀಟಿಯನ್ನು ತಾನೇ ಕೈಚಾಚಿ ಕೇಳಿದ. ಅವರು ತೆಗೆದುಕೊಟ್ಟರು. ಅರವತ್ತೇಳು ವರ್ಷದ ತನ್ನ ಕೊರಳಿನಿಂದ ತನ್ನ ಮಗನ ವಯಸ್ಸಿನವನು ಒಂದು ಚೀಟಿ ಕೇಳಿ ತೆಗೆಸಿದ್ದು ಅವರಿಗೆ ಬಹಳ ದಿನ ಚುಚ್ಚುತ್ತಿತ್ತು.

ಖಮುದನ್‌ಗೆ ವಿಷಯ ತಿಳಿಸಿದಾಗ ಅವರು ಗಿಟಾರಿನ ತಂತಿ ಒರೆಸುತ್ತಿದ್ದರು. "ನುಡಿಸ್ತೀರಾ?" ಎಂದು ಹಬೀಬುನ್ನೀಸಾ ಕೇಳಿದರು. "ಬೇಡ ಅನ್ನಿಸಿದರೆ ನಾನು ಹೋಗಿ ಹೇಳ್ತೀನಿ."

"ನುಡಿಸ್ತೀನಿ. ಬಂದವರು ಕೇಳೋಕೆ ಬಂದಿದ್ದಾರೆ, ಅವರೇನು ಮಾಡಿದ್ದಾರೆ?" ಎಂದರು. ಮತ್ತೆ ಬಟ್ಟೆ ಮಡಿಸುತ್ತ, "ಆದರೆ ನನ್ನ ಬಾಯಿ ಕಟ್ಟಿ ನುಡಿಸು ಅಂತಾರಲ್ಲ. ಅದು ಬೇರೆ ಲೆಕ್ಕ," ಎಂದರು.

ಐದು ಗಂಟೆಗೆ ಸಭಾಂಗಣ ತುಂಬಿತು. ಇನ್ನೂರು ಜನರಿರಬಹುದು. ಕಿಟಕಿಗಳಾಚೆ ಸರೋವರದ ಮೇಲೆ ಬಿಸಿಲು ಇನ್ನೂ ಚುರುಕಾಗಿಯೇ ಇತ್ತು. ಸಲೀಂ ಬಂದು ನಾಲ್ಕನೆಯ ಸಾಲಿನಲ್ಲಿ ಪಕ್ಕಕ್ಕೆ ಕೂತರು. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ ಅವರ ಮುಖ ಬಾಡಿತು. ಮನೆಯಲ್ಲಿ ಆಡುವ ದಖನಿ ಉರ್ದುವಿನಲ್ಲಿ ಪಿಸುಗುಟ್ಟಿದರು: "ನೀನು ಇದರಲ್ಲಿ ಬೀಳಬೇಡ, ನಿಸಾ. ಬಂದೂಕು, ಬಂಡುಕೋರ, ಈ ಮಾತುಗಳ ಹತ್ತಿರ ನಮ್ಮ ಹೆಸರು ಬರೋದೇ ಬೇಡ."

"ಅವರ ಹೆಸರು ಬಂದಿದೆಯಲ್ಲ."

"ನಂಗೊತ್ತು. ಆದ್ರೂ ಬೇಡ."

ದೀಪ ಮಂಕಾಯಿತು. ಅಖಿಲ್ ಮೈಕು ಹಿಡಿದು ಬಂದ. ಹಿಂದಿನ ಪರದೆಯ ಮೇಲೆ ಬಂದೂಕಿನ ಕಪ್ಪು ನೆರಳೊಂದು ಮೂಡಿ, ಮೆಲ್ಲನೆ ಕರಗಿ ಗಿಟಾರ್ ಆಯಿತು. ಜನ ಮೆಚ್ಚಿ ಹುಂಗುಟ್ಟಿದರು. ಅಷ್ಟು ಹೇಳಿದ ಮೇಲೂ ಅವನು ಒಂದು ಅಕ್ಷರ ಬದಲಾಯಿಸಿರಲಿಲ್ಲ. ಯುದ್ಧದ ಮರಳಿನಿಂದ ಎದ್ದುಬಂದ ಮನುಷ್ಯ, ರೈಫಲ್ ಕೆಳಗಿಟ್ಟು ಗಿಟಾರ್ ಎತ್ತಿಕೊಂಡ ಯೋಧ ಎಂದು ಅದೇ ಉತ್ಸಾಹದಲ್ಲಿ ಹೇಳಿದ. ಖಮುದನ್ ವೇದಿಕೆಗೆ ಬಂದು, ಕೈಯಿಲ್ಲದ ಕುರ್ಚಿಯಲ್ಲಿ ಕೂತು, ಒಂದೂ ಅರ್ಥವಾಗದ ಆ ಮಾತುಗಳು ಮುಗಿಯುವವರೆಗೆ ಕಾದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ತಲೆಬಾಗಲಿಲ್ಲ. ನಾಲ್ಕನೆಯ ಸಾಲಿನ ಕಡೆ ನೋಡಿದರು.

ಹಬೀಬುನ್ನೀಸಾ ಎದ್ದು ನಿಂತರು.

ಶಾಲೆಯಲ್ಲಿ ಅವರಿಗೆ ಊಟದ ಹಾಲಿನ ಉಸ್ತುವಾರಿಯೂ ಇರುತ್ತಿತ್ತು. ಮುನ್ನೂರು ಮಕ್ಕಳು ಒಟ್ಟಿಗೆ ಕೂಗುವ ಹಾಲಿನಲ್ಲಿ ಕಿರುಚದೆ ಕೇಳಿಸುವುದು ಹೇಗೆಂದು ಅವರು ಕಲಿತಿದ್ದರು. ದನಿಯನ್ನು ಹೊಟ್ಟೆಯಿಂದ ತೆಗೆದು, ಒಂದೊಂದೇ ಪದವಾಗಿ ಇಂಗ್ಲಿಷಿನಲ್ಲಿ ಹೇಳಿದರು:

"ನಾನು ಈ ಸಂಜೆಯ ದುಭಾಷಿ. ನನಗೆ ಮೈಕು ಕೊಟ್ಟಿಲ್ಲ, ಅದಕ್ಕೆ ಇಲ್ಲಿಂದಲೇ ಹೇಳ್ತೇನೆ. ನೀವು ಈಗ ಕೇಳಿದ್ದು ನಿಜವಲ್ಲ. ಖಮುದನ್ ಅಗ್ ಇಲ್ಯಾಸ್ ಯಾವತ್ತೂ ಬಂದೂಕು ಹಿಡಿದವರಲ್ಲ. ಇಪ್ಪತ್ತೆರಡು ವರ್ಷ ಲಾರಿ ರಿಪೇರಿ ಮಾಡಿದವರು. ಅವರನ್ನು ಕೇಳದೆ ಈ ಕಥೆ ಬರೆದಿದ್ದಾರೆ. ನಿಮಗೆ ಇದನ್ನು ಹೇಳಬೇಕೆಂದು ಅವರೇ ನನ್ನನ್ನು ಕೇಳಿಕೊಂಡರು."

ಸಲೀಂ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಯಾರೋ, "ಇದೇನು, ಪ್ರತಿಭಟನೆಯಾ?" ಎಂದು ಪಕ್ಕದವರನ್ನು ಕೇಳಿದರು. ಇನ್ನೊಬ್ಬರು ಕೂತುಕೊಳ್ಳಿ ಎಂದರು. ಅಖಿಲ್ ಮೈಕಿಗೆ ಬಾಯಿಟ್ಟು, "ಏನೋ ಸಣ್ಣ ಗೊಂದಲವಾಗಿದೆ," ಎಂದು ನಗಲು ನೋಡಿದ.

ಆಗ ಖಮುದನ್ ಹಿಂದೆ ತಿರುಗಿ ಪರದೆ ನೋಡಿದರು. ಬಂದೂಕು ಮತ್ತೆ ಮೂಡುತ್ತಿತ್ತು. ಅವರು ಎದ್ದು, ಗಿಟಾರನ್ನು ಹೆಗಲಿಗೆ ಹಾಕಿಕೊಂಡು, ಒಂದು ಕೈಯಲ್ಲಿ ಕುರ್ಚಿ ಎತ್ತಿ ವೇದಿಕೆಯ ಮೂರು ಮೆಟ್ಟಿಲು ಇಳಿದು ಜನರ ಮಟ್ಟಕ್ಕೆ ಬಂದರು. ಕಿಟಕಿಯ ಬೆಳಕು ಬೀಳುತ್ತಿದ್ದ ಕಡೆ ಕುರ್ಚಿಯಿಟ್ಟು ಕೂತರು. ಮಿಕ್ಕ ಇಬ್ಬರೂ ಹಿಂದೆಯೇ ಬಂದರು. ಸೋರೆಬುರುಡೆಯವನು ನೆಲದ ಮೇಲೆಯೇ ಕಾಲು ಚಾಚಿದ. ಇಳಿಯುವಾಗಿನ ಎಳೆತಕ್ಕೆ ಗಿಟಾರಿನ ವೈರು ಕಳಚಿಕೊಂಡಿತ್ತು. ಹಾಡಲು ಮೈಕಿಲ್ಲ.

ಆದರೂ ಶುರುಮಾಡಿದರು. ವೈರಿಲ್ಲದ ಎಲೆಕ್ಟ್ರಿಕ್ ಗಿಟಾರಿನ ಸದ್ದು ಮೂರು ಸಾಲು ದಾಟುವುದಿಲ್ಲ. ಹಿಂದಿನವರು ಎದ್ದು ಮುಂದಕ್ಕೆ ಬಂದು ನಿಂತರು. ಹೆಬ್ಬೆರಳು ಒಂದೇ ಮಂದ್ರದ ತಂತಿಯನ್ನು ಬಿಡದೆ ಮೀಟುತ್ತಿತ್ತು. ಮಿಕ್ಕ ಬೆರಳುಗಳು ಅದರ ಮೇಲೆ ಒಂದೇ ಮಾತನ್ನು ಸ್ವಲ್ಪ ಸ್ವಲ್ಪ ಬದಲಾಯಿಸಿ ಮತ್ತೆ ಮತ್ತೆ ಕೇಳುತ್ತಿದ್ದವು. ಸೋರೆಬುರುಡೆ ಒಳಗಿನಿಂದ ಗುದ್ದುವ ಹಾಗೆ ತಾಳ ಕೊಡುತ್ತಿತ್ತು. ಮುದುಕನ ದನಿ ಒಡಕಾಗಿತ್ತು, ಆದರೆ ಎಲ್ಲಿಯೂ ಜಾರಲಿಲ್ಲ. ಲಾರಿಯ ಹಾಡು ತಮಾಷೆಯದೆಂದು ಹೇಳಿದ್ದರು. ಅವತ್ತು ಅವರು ಅದನ್ನು ತಮಾಷೆಯಾಗಿ ಹಾಡಲಿಲ್ಲ. ಪ್ರತಿ ಸಾಲನ್ನೂ ಎದುರಿಗೆ ಇಟ್ಟು ತೋರಿಸುವವರ ಹಾಗೆ ಹಾಡಿದರು. ಹಬೀಬುನ್ನೀಸಾ ನಿಂತೇ ಇದ್ದರು, ಕೂರಲು ನೆನಪಾಗಲಿಲ್ಲ.

ಎರಡನೆಯ ಹಾಡಿನ ಹೊತ್ತಿಗೆ ಸೌಂಡ್ ಎಂಜಿನಿಯರ್ ಯಾರನ್ನೂ ಕೇಳದೆ ಉದ್ದನೆಯ ವೈರನ್ನೂ ಒಂದು ಮೈಕನ್ನೂ ಕೆಳಗೆ ತಂದಿಟ್ಟ. ಯಾರೋ ಪ್ರೊಜೆಕ್ಟರ್ ಆರಿಸಿದರು. ಹನ್ನೆರಡು ಹದಿಮೂರು ಜನ ಎದ್ದು ಹೋದರು. ಉಳಿದವರು ಕೊನೆಯವರೆಗೂ ಇದ್ದರು.

ಮುಗಿದ ಮೇಲೆ ಅಖಿಲ್ ಅವರ ಹತ್ತಿರ ಬಂದ. "ಆಂಟಿ, ನೀವು ಹೀಗೆ ಮಾಡ್ಬಾರ್ದಿತ್ತು. ಎಲ್ರ ಮುಂದೆ ನನ್ನ ಮರ್ಯಾದೆ ಹೋಯ್ತು."

"ಮರ್ಯಾದೆ ಹೋಗಿದ್ದು ಅವರದು, ಅಖಿಲ್. ನಿಂದು ಇನ್ನೂ ಇದೆ. ಒಂದು ಪತ್ರ ಬರ್ಕೊಡು. ಪೋಸ್ಟರ್‌ನಲ್ಲಿ ಬರೆದದ್ದು ತಪ್ಪು, ಅವರು ಹೇಳಿದ್ದಲ್ಲ, ನಾವೇ ಬರೆದದ್ದು ಅಂತ. ಮಂಗಳವಾರ ಬೆಳಿಗ್ಗೆ ಅವರು ಪೋರ್ಟ್‌ಲ್ಯಾಂಡ್‌ಗೆ ಹೊರಡ್ತಾರೆ."

"ನೋಡೋಣ. ಬೋರ್ಡ್‌ನವರನ್ನ ಕೇಳ್ಬೇಕು," ಎಂದು ಅವನು ಹೋದ.

ಕಾರಿನಲ್ಲಿ ಸಲೀಂ ಮನೆಯವರೆಗೂ ಮಾತಾಡಲಿಲ್ಲ. ಭಾನುವಾರವೂ ಹೆಚ್ಚು ಆಡಲಿಲ್ಲ. ಅಖಿಲ್‌ಗೆ ಹಬೀಬುನ್ನೀಸಾ ನಾಲ್ಕು ಸಲ ಫೋನ್ ಮಾಡಿದರು, ಎತ್ತಲಿಲ್ಲ. ವೆಬ್‌ಸೈಟಿನಲ್ಲಿ ಬಂದೂಕು ಹಾಗೇ ಇತ್ತು. ಸಂಜೆ ಅವರು ಡೈನಿಂಗ್ ಟೇಬಲ್ಲಿನ ಮೇಲೆ ಪತ್ರದ ಕರಡು ಬರೆಯುತ್ತಿದ್ದಾಗ ಸಲೀಂ ಹಿಂದೆ ಬಂದು ನಿಂತು ಓದಿದರು.

"ಇದು ಸಾಲದು. ಪೂರ್ತಿ ಹೆಸರು, ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ. ತಾರೀಖು. ಸಂಸ್ಥೆಯ ರಿಜಿಸ್ಟ್ರೇಷನ್ ನಂಬರ್. ಸಹಿ ಮಾಡುವವರ ಹುದ್ದೆ. 'ಗೊಂದಲ' ಅನ್ನೋ ಮಾತು ಬರಲೇಬಾರದು. ಕಿಟಕಿಯ ಹಿಂದಿನವನಿಗೆ ಗೊಂದಲ ಅಂದ್ರೆ ಇಬ್ಬರ ಮೇಲೂ ಅನುಮಾನ. 'ತಪ್ಪು' ಅಂತಿರಬೇಕು. ಯಾರ ತಪ್ಪು ಅಂತಿರಬೇಕು," ಎಂದರು. ಕುರ್ಚಿ ಎಳೆದುಕೊಂಡು ಕೂತು, ಇಪ್ಪತ್ತು ವರ್ಷಗಳ ಅನುಭವದಲ್ಲಿ ಒಂದೊಂದೇ ಸಾಲು ಹೇಳಿ ಬರೆಸಿದರು. ಹೆಂಡತಿ ಬರೆಯುತ್ತ ಹೋದರು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹಬೀಬುನ್ನೀಸಾ ಬಸ್ಸಿನಲ್ಲಿ ಡೌನ್‌ಟೌನ್ ಬೆಲ್ವ್ಯೂಗೆ ಹೋಗಿ ಅಖಿಲ್ ಕೆಲಸ ಮಾಡುವ ಕಟ್ಟಡದ ಲಾಬಿಯಲ್ಲಿ ಕೂತರು. ಮೇಲಕ್ಕೆ ಹೋಗಲು ಪಾಸ್ ಬೇಕು. ರಿಸೆಪ್ಷನ್ ಹುಡುಗಿ ಮೂರು ಸಲ ಅಖಿಲ್‌ಗೆ ಕರೆ ಮಾಡಿ, ಮೂರು ಸಲವೂ ಮೀಟಿಂಗಿನಲ್ಲಿದ್ದಾರೆ ಎಂದಳು. "ಪರವಾಗಿಲ್ಲ, ಕೂತಿರ್ತೀನಿ," ಎಂದು ಇವರು ಡಬ್ಬಿಯಿಂದ ಚಪಾತಿ ತೆಗೆದು ತಿಂದರು. ಊಟದ ಹೊತ್ತಿಗೆ ಅಖಿಲ್ ತನ್ನ ಸಹೋದ್ಯೋಗಿಗಳ ಜೊತೆ ಲಿಫ್ಟಿನಿಂದ ಇಳಿದು ಅವರನ್ನು ನೋಡಿದ. ಅವರೆಲ್ಲ ಮುಂದೆ ಹೋಗುವವರೆಗೆ ಕಾದು ಹತ್ತಿರ ಬಂದ.

"ಆಂಟಿ, ಇಲ್ಲೆಲ್ಲ ಬರ್ಬೇಡಿ. ನಾನು ಬರೆದಿಟ್ಟಿದೀನಿ." ಫೋನಿನಲ್ಲಿ ತೋರಿಸಿದ. ಉಂಟಾಗಿರಬಹುದಾದ ಗೊಂದಲಕ್ಕೆ ವಿಷಾದಿಸುತ್ತೇವೆ ಎಂದಿತ್ತು.

ಹಬೀಬುನ್ನೀಸಾ ತಮ್ಮ ಕಾಗದ ಕೊಟ್ಟರು. "ಇದು ಬೇಕು."

ಅವನು ಓದಿದ. "'ಈ ಸುಳ್ಳನ್ನು ಅವರನ್ನು ಕೇಳದೆ ನಾನೇ ಬರೆದೆ' ಅಂತೆಲ್ಲ ನಾನು ಹೇಗೆ ಸೈನ್ ಮಾಡ್ಲಿ?"

"ಬರೆದಿದ್ದು ಸುಳ್ಳಾ?"

"ಸುಳ್ಳು ಅಂದ್ರೆ... ನಾನು ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ ಆಂಟಿ."

"ನಂಗೊತ್ತು. ಆದ್ರೆ ಅವರನ್ನ ಕೂರಿಸೋ ಕೋಣೇಲಿ ನಿನ್ನ ಉದ್ದೇಶ ಯಾರೂ ಕೇಳಲ್ಲ. ಅಲ್ಲಿ ನೀನಿರಲ್ಲ. ಸಲೀಂ ಅಂಕಲ್ ಆರು ಗಂಟೆ ಕೂತಿದ್ರು, ನಿಂಗೆ ಗೊತ್ತಾ? ನಾನು ಹೊರಗಡೆ ಕೂತಿದ್ದೆ."

ಅಖಿಲ್‌ಗೆ ಅದು ಗೊತ್ತಿರಲಿಲ್ಲ. ಸಲೀಂ ಅದನ್ನು ಯಾರಿಗೂ ಹೇಳಿದವರಲ್ಲ. ಅವನು ಕಾಗದವನ್ನು ಮತ್ತೊಮ್ಮೆ ಓದಿ, 'ಸುಳ್ಳು' ಎಂಬುದನ್ನು 'ತಪ್ಪು ಮಾಹಿತಿ' ಎಂದು ಮಾಡಬಹುದೇ ಎಂದು ಕೇಳಿದ. ಅಷ್ಟಕ್ಕೆ ಅವರು ಒಪ್ಪಿದರು; ಮಿಕ್ಕ ಯಾವ ಪದವನ್ನೂ ಬಿಡಲಿಲ್ಲ. ಅಖಿಲ್ ಮೇಲೆ ಹೋಗಿ ಸಂಗೀತ ಸಂಸ್ಥೆಯ ಹೆಸರಿನ ಹಾಳೆಯಲ್ಲಿ ಅಚ್ಚುಮಾಡಿಸಿ, ಸಹಿ ಮಾಡಿ, ಎರಡು ಪ್ರತಿ ತಂದುಕೊಟ್ಟ. ಕ್ಷಮಿಸಿ ಎನ್ನಲಿಲ್ಲ. ವೆಬ್‌ಸೈಟಿನ ಸಾಲು ಸಂಜೆಯೊಳಗೆ ಹೋಯಿತು.

ಮಂಗಳವಾರ ಹೋಟೆಲಿನ ಮುಂದೆ ವ್ಯಾನ್ ಹೊರಡುವ ಮುಂಚೆ ಅವರು ಪತ್ರವನ್ನು ಖಮುದನ್‌ಗೆ ಫ್ರೆಂಚಿನಲ್ಲಿ ಓದಿ ಹೇಳಿದರು. ಖಮುದನ್ ಪೂರ್ತಿ ಕೇಳಿ, ಮಡಿಸಿ, ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡರು.

"ಒಳ್ಳೆಯ ಕೆಲಸ ಮಾಡಿದಿರಿ ಮದಾಮ್," ಎಂದರು. "ಆದರೆ ನೋಡಿ, ಮಾಡದ ಕೆಲಸವನ್ನು ಮಾಡಿಲ್ಲ ಅನ್ನೋದಕ್ಕೂ ನಾನು ಕಾಗದ ಹೊತ್ತುಕೊಂಡು ತಿರುಗಬೇಕಾಯಿತು."

ವ್ಯಾನ್ ಹೋಯಿತು.

ಒಂದು ವಾರದ ನಂತರ ಅವರು ಖಮುದನ್‌ರ ಮುಂದಿನ ಊರುಗಳ ಕಾರ್ಯಕ್ರಮಗಳನ್ನು ಹುಡುಕಿ ನೋಡಿದರು. ಐದು ಊರು. ಐದರಲ್ಲಿ ನಾಲ್ಕು ಕಡೆ ಅದೇ ಸಾಲು, ಅಖಿಲ್ ಬರೆದದ್ದೇ, ಅಕ್ಷರ ಬದಲಾಗದೆ. ಒಬ್ಬರಿಂದ ಒಬ್ಬರು ಎತ್ತಿಕೊಂಡಿದ್ದರು. ಹಬೀಬುನ್ನೀಸಾ ಕಂಪ್ಯೂಟರ್ ಪರದೆಯ ಮುಂದೆ ಕೂತು ಬೈದ ಬೈಗುಳವನ್ನು ಅಡುಗೆಮನೆಯಲ್ಲಿದ್ದ ಸಲೀಂ ಮೂವತ್ತೈದು ವರ್ಷದಲ್ಲಿ ಎಂದೂ ಅವರ ಬಾಯಲ್ಲಿ ಕೇಳಿರಲಿಲ್ಲ.

ಎರಡು ದಿನ ಫೋನಿನಲ್ಲೇ ಕಳೆಯಿತು. ಸಲೀಂ ನಂಬರುಗಳನ್ನು ಹುಡುಕಿಕೊಟ್ಟರು, ಪತ್ರದ ಪ್ರತಿಯನ್ನು ಇಮೇಲ್ ಮಾಡಿದರು. ಮೊದಲ ಊರಿನವರು ಮಾತು ಮುಗಿಯುವ ಮುಂಚೆಯೇ ಕ್ಷಮೆ ಕೇಳಿ ತೆಗೆದುಹಾಕಿದರು. ಎರಡನೆಯವರು ಮೂರು ಕರೆಗಳ ನಂತರ ತೆಗೆದರು. ಮೂರನೆಯವರು 'ಬಂಡುಕೋರ' ತೆಗೆದು 'ಹೋರಾಟಗಾರ' ಎಂದು ಹಾಕಿದರು. ಮತ್ತೆ ಫೋನ್ ಮಾಡಿ ಅದನ್ನೂ ತೆಗೆಸಬೇಕಾಯಿತು. ನಾಲ್ಕನೆಯ ಊರಿನ ಮ್ಯಾನೇಜರ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ನೀವು ಅವರಿಗೆ ಏನಾಗಬೇಕು?" ಎಂದ.

"ದುಭಾಷಿ," ಎಂದರು ಹಬೀಬುನ್ನೀಸಾ. "ಅವರು ಹೇಳಿದ್ದನ್ನು ಹೇಳ್ತಿದ್ದೇನೆ. ಬರೆದುಕೊಳ್ಳಿ."